ಸುಂಕದ ಗೇಟಿನ ಮೇಸ್ತ್ರಿ

ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ದಿನಗಳವು. ಕನಕಪುರ ರಸ್ತೆಯ ಸುಂಕದ ಗೇಟಿನಲ್ಲಿ ಒಬ್ಬ ಮೇಸ್ತ್ರಿಯಿದ್ದ. ಸುಂಕ ವಸೂಲಿಯೂ ಅವನದೇ, ರಸ್ತೆ ರಿಪೇರಿಯೂ ಅವನದೇ. ಗುಂಡಿಗಳಲ್ಲಿ ತರಕಾರಿ ಗಾಡಿಗಳು ಮಗುಚಿಕೊಳ್ಳುತ್ತಿದ್ದವೆಂದು ಅವನು ಜಲ್ಲಿ ಸುರಿಸಿದ. ಅದನ್ನು ಅದುಮಲು ರೋಲರ್ ಮಾತ್ರ ಇರಲಿಲ್ಲ. ಹಾಗಾಗಿ ನುಣುಪಾದ ಜಾಡಿಗೆ ಅಡ್ಡವಾಗಿ ಸುಣ್ಣ ಬಳಿದ ಕಲ್ಲುಗಳನ್ನಿಟ್ಟು, ಬಂದವರನ್ನೆಲ್ಲ ಜಲ್ಲಿಯ ಮೇಲೆಯೇ ಹಾಯಿಸುತ್ತಿದ್ದ. ಗಾಡಿಯ ಚಕ್ರಗಳೇ ಅವನ ರೋಲರ್.

“ಸುಂಕನೂ ನಾವೇ ಕೊಟ್ಟು, ರಸ್ತೇನೂ ನಾವೇ ತುಳೀಬೇಕಾ?” ಎಂದು ಗಾಡಿಯವರು ಗೊಣಗುತ್ತಿದ್ದರು.

ಅವನು ಬಾಯಿಂದ ಬೀಡಿ ತೆಗೆಯದೆ, “ತುಳೀರಣ್ಣ, ಪುಣ್ಯ ಬರುತ್ತೆ,” ಎನ್ನುತ್ತಿದ್ದ. ಸೈಕಲ್ಲಿನಿಂದ ಇಳಿದು ಎಡವುತ್ತ ನಡೆಯುತ್ತಿದ್ದ ನನಗೂ ಅದೇ ಆಶೀರ್ವಾದ.

ಕೊನೆಗೊಮ್ಮೆ ರೋಲರ್ ಬಂತು. ಬಂದ ದಿನವೇ ಗೇಟಿನ ಮುಂದೆ, ನಟ್ಟನಡುವೆ ಕೆಟ್ಟು ನಿಂತಿತು. ಡ್ರೈವರ್ ತಲೆ ಮೇಲೆ ಕೈ ಹೊತ್ತು ಕೂತ. ಮೇಸ್ತ್ರಿಗೆ ಹಬ್ಬ. ಯಾರೂ ಡಿಕ್ಕಿ ಹೊಡೆಯದಿರಲೆಂದು ರೋಲರಿನ ಸುತ್ತ ತನ್ನ ಬಿಳಿ ಕಲ್ಲುಗಳನ್ನು ಜೋಡಿಸಿ, ಗಾಡಿಗಳನ್ನು ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ ತಿರುಗಿಸಿದ. ರಿಪೇರಿಯಾಗಿ ರೋಲರ್ ಗುಡುಗುಡು ಎನ್ನುವಷ್ಟರಲ್ಲಿ ಜಲ್ಲಿಯೆಲ್ಲ ನೆಲ ಕಚ್ಚಿತ್ತು.

“ಎಲ್ಲಿಂದ ಶುರು ಮಾಡ್ಲಿ ಮೇಸ್ತ್ರಿ?” ಎಂದ ಡ್ರೈವರ್.

“ಎಲ್ಲಾ ಆಗೋಯ್ತು, ಹೊರಡು.” ಆದರೆ ಮೇಸ್ತ್ರಿ ಗೇಟು ಎತ್ತಲಿಲ್ಲ. “ನೀನು ತುಳೀಲಿಲ್ಲ, ಪುಣ್ಯ ಅಂತೂ ಬರಲ್ಲ. ಸುಂಕನಾದ್ರೂ ಕೊಟ್ಟು ಹೋಗು.”