ನಾನು ಕಾಯಬೇಕಿದ್ದ ಸ್ವಿಚ್ಚು

ಮೊನ್ನೆ ನಾಗಪುರದ ಇತವಾರಿ ಪೇಟೆಯಲ್ಲಿ ಬಾಗಿಲ ಚಿಲಕ ಕೊಳ್ಳಲು ನಿಂತಿದ್ದೆ. ಪಕ್ಕದ ಅಂಗಡಿಯಲ್ಲಿ ಹಲಗೆ ಕೊಯ್ಯುತ್ತಿದ್ದರು. ಗರಗಸದ ಬಿಸಿಗೆ ಸಾಗವಾನಿ ಕಮರಿದ ವಾಸನೆ ಮೂಗಿಗೆ ಬಡಿಯಿತು. ದುಡ್ಡು ಕೊಟ್ಟು ಚಿಲಕವನ್ನು ಅಲ್ಲೇ ಬಿಟ್ಟು ಬಂದಿದ್ದೇನೆಂದು ಮನೆ ಮುಟ್ಟಿದ ಮೇಲೆ ಗೊತ್ತಾಯಿತು...

ಆ ವಾಸನೆ ಕಾಕಾ ಅವರದು. ಮೈಸೂರಿನಿಂದ ಕೆಲಸಕ್ಕೆಂದು ನಾಗಪುರಕ್ಕೆ ಬಂದ ಹೊಸದರಲ್ಲಿ ನಾನು ಬಾಡಿಗೆಗಿದ್ದ ಮನೆಯ ಯಜಮಾನರು. ಧಾರವಾಡದ ಕಡೆಯವರು, ಸರ್ಕಾರಿ ನೌಕರಿಯಿಂದ ನಿವೃತ್ತರಾಗಿದ್ದರು. ಅವರ ಅಣ್ಣ ಸಾಯುವಾಗ ತಮ್ಮನಿಗೆಂದು ಬಿಟ್ಟುಹೋದದ್ದು ಒಂದು ಕರೆಂಟ್ ಗರಗಸ. ಅದನ್ನು ಅಣ್ಣನೇ ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿದಿದ್ದರು. ಹಲ್ಲಿನ ಚಕ್ರವಷ್ಟೇ ಮೇಜಿನ ಸೀಳಿನಿಂದ ಮೇಲೆ ಇಣುಕುತ್ತಿತ್ತು. ಗರಗಸ ತಿರುಗಲು ಒತ್ತಿ ಹಿಡಿಯಬೇಕಾದ ಗುಂಡಿಯನ್ನು ಅಣ್ಣ ದಾರದಿಂದ ಬಿಗಿದು ಕಟ್ಟಿಬಿಟ್ಟಿದ್ದರಿಂದ ಅದನ್ನು ನಿಲ್ಲಿಸಲು ಗೋಡೆಯ ಸ್ವಿಚ್ಚೊಂದೇ ದಾರಿ. ದಾರ ಬಿಚ್ಚಿಸಿ, ಸರಿಮಾಡಿಸಿ ಎಂದು ನಾನೂ ಹೇಳಿದ್ದೆ.

"ಅಣ್ಣ ಕಟ್ಟಿದ ಗಂಟು ಐತಿ ತಂಗಿ, ಇರಲಿ ಬಿಡು," ಎಂದು ನಕ್ಕಿದ್ದರು.

ದಸರೆಯ ಖಂಡೆ ಪೂಜೆಯ ದಿನ ಆ ಗಂಟಿಗೂ ಕುಂಕುಮ ಹಚ್ಚುತ್ತಿದ್ದರು. ಅಣ್ಣನ ಎಡಗೈ ಹೆಬ್ಬೆರಳು ಹೋದದ್ದು ಇದೇ ಚಕ್ರಕ್ಕೆ ಎಂದು ನನಗೆ ಹೇಳಿದವರು ಅವರ ಹೆಂಡತಿ, ಕಾಕು. ಗರಗಸ ತಿರುಗುವಾಗ ಅವರು ಹಿತ್ತಲಿಗೆ ಕಾಲಿಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ನನ್ನ ಕೆಲಸ ಸ್ವಿಚ್ಚಿನ ಹತ್ತಿರ ನಿಲ್ಲುವುದು. ಕಾಕಾ "ಹಾಕು" ಅಂದರೆ ಹಾಕಬೇಕು, "ಬಂದ್" ಅಂದರೆ ಆರಿಸಬೇಕು. ಪಿಎಚ್‌ಡಿ ಮಾಡಿದವಳಿಗೆ ಸಿಕ್ಕ ದೊಡ್ಡ ಹುದ್ದೆ ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಸ್ಟೂಲು, ಚಪ್ಪಲಿ ಸ್ಟ್ಯಾಂಡು, ನನಗೊಂದು ಪುಸ್ತಕದ ಕಪಾಟು... ಕಾಕಾ ಮಾಡಿದ ಒಂದರ ಮೂಲೆಯೂ ನೆಟ್ಟಗಿರುತ್ತಿರಲಿಲ್ಲ. ಆದರೆ ಆ ಚಕ್ರ ಕಿರುಚತೊಡಗಿದರೆ ನನ್ನ ನಗೆ ಅಲ್ಲಿಗೇ ನಿಲ್ಲುತ್ತಿತ್ತು.

ಆ ಮೇ ತಿಂಗಳ ಭಾನುವಾರ ಕಾಕುಗೆ ಕುರ್ಚಿ ಮಾಡುತ್ತಿದ್ದರು. ಮಂಡಿನೋವಿನಿಂದ ಅವರಿಗೆ ನೆಲದ ಮೇಲೆ ಕೂತು ಪೂಜೆ ಮಾಡಲಾಗುತ್ತಿರಲಿಲ್ಲ. ಹಲಗೆ ಅರ್ಧ ಕೊಯ್ದಾಗ ಕರೆಂಟ್ ಹೋಯಿತು. ಚಕ್ರ ನಿಂತಿತು, ಕೂಲರ್ ನಿಂತಿತು, ಇಡೀ ಓಣಿ ಗಪ್ಪಾಯಿತು. ನನಗೆ ಸೆಖೆ, ಬೇಸರ. "ನೀರು ಕುಡಿದು ಬರ್ತೀನಿ ಕಾಕಾ" ಎಂದು ಒಳಗೆ ಹೋದೆ. ಸ್ವಿಚ್ಚು ಆರಿಸಲಿಲ್ಲ. ಕರೆಂಟೇ ಇಲ್ಲ, ಆರಿಸುವುದೇನು ಅಂದುಕೊಂಡೆನೋ, ಏನೂ ಅಂದುಕೊಳ್ಳಲೇ ಇಲ್ಲವೋ... ಇವತ್ತಿಗೂ ಹೇಳಲಾರೆ.

ನಾನು ಆರಿಸಿಯೇ ಹೋಗಿದ್ದೇನೆಂದು ನಂಬಿ ಕಾಕಾ ಸಿಕ್ಕಿಕೊಂಡ ಹಲಗೆ ಬಿಡಿಸಲು ಕೈ ಹಾಕಿದ್ದಾರೆ. ಒಳಗೆ ಲೋಟ ನನ್ನ ತುಟಿಯ ಹತ್ತಿರವಿತ್ತು. ತಲೆಯ ಮೇಲೆ ಫ್ಯಾನ್ ತಿರುಗತೊಡಗಿತು.

ಬಲಗೈಯ ನಾಲ್ಕು ಬೆರಳು ಹೋದವು.

ಆಸ್ಪತ್ರೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಕಾಕಾ ಹೆಂಡತಿಗೆ ಹೇಳಿದರು. "ನಾನೇ ಆಕಿನ್ನ ಒಳಗ ಕಳಿಸಿದ್ದೆ. ಸ್ವಿಚ್ ನಾ ಬಂದ್ ಮಾಡತೀನಿ ಅಂತ ಹೇಳಿ ಮರತೆ." ನನ್ನ ಕಡೆ ನೋಡಲೇ ಇಲ್ಲ. ಆಮೇಲೆ ಕಾಕು ಗಂಡನನ್ನು ಬೈಯದ ದಿನವಿಲ್ಲ. ಕಾಕಾ ಎಡಗೈಯಲ್ಲಿ ಅನ್ನ ಕಲಸುವಾಗ, ತಾವು ಅವರ ಅಂಗಿಯ ಗುಂಡಿ ಹಾಕುವಾಗ, "ಅದೊಂದು ನೆನಪಿರಲಿಲ್ಲಲ್ಲ ನಿಮಗ" ಎಂದೇ ಮಾತು. ಕಾಕಾ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ನಾನು ಎದುರಿಗೇ ಕೂತಿರುತ್ತಿದ್ದೆ. ನನಗೆ ನನ್ನ ಮೇಲೆಯೇ ಅಸಹ್ಯ. ವರ್ಷದೊಳಗೆ ಆಫೀಸು ದೂರ ಎಂಬ ನೆಪ ಹೇಳಿ ಬೇರೆ ಮನೆ ಹಿಡಿದೆ.

ಹೋದ ತಿಂಗಳು ಕಾಕಾ ತೀರಿಕೊಂಡರು. ಹದಿಮೂರನೆಯ ದಿನ ಊಟಕ್ಕೆ ಕೂತಾಗ ಕಾಕು ಬಂದು ನನ್ನ ಪಕ್ಕದಲ್ಲಿ ಕುಳಿತರು.

"ಭಾಳ ಬೈದೆ ನೋಡವಾ ಅವರಿಗೆ. ಏನ್ ಮಾಡ್ಲಿ, ತಾವೇ ಮಾಡಿಕೊಂಡಿದ್ದು. ಅವತ್ತ ನೀ ಅಲ್ಲೇ ನಿಂತಿದ್ರ ಹಂಗ ಆಗತಿದ್ದಿಲ್ಲ."

ಹಾಗೆಂದು ನನ್ನ ತಲೆ ಸವರಿದರು. ನಾನು ಎಲೆ ನೋಡುತ್ತ ಉಂಡೆ.

ನಿಜ ಗೊತ್ತಿದ್ದವರು ಇಬ್ಬರಿದ್ದೆವು, ಈಗ ನಾನೊಬ್ಬಳೇ. ನಾನು ಹೇಳದೆ ಹೋದರೆ ಆ ಮನೆಯಲ್ಲಿ ಕಾಕಾ ಎಂದೆಂದಿಗೂ ಮರೆಗುಳಿಯೇ. ನಿನ್ನೆ ಕಾಕುಗೆ ಫೋನ್ ಮಾಡಿದ್ದೆ. ಊಟ ಆಯಿತೇ ಎಂದು ಕೇಳಿ, ಇಟ್ಟುಬಿಟ್ಟೆ.