ಮುನಿಯಮ್ಮನ ಮನೆ ಗೆದ್ದ ಲಾಯರ್ ಅಂಕಲ್

ಅಡುಗೆಮನೆಯ ಹಲಗೆಯ ಮೇಲೆ ಹಿತ್ತಾಳೆ ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಎನ್ನುತ್ತಿದ್ದವು. ಚಿನ್ನದ ಗಣಿಯ ಆಳದಲ್ಲಿ ಬಂಡೆ ಸಿಡಿದು ಕುಸಿದರೆ ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಗೆ ಕೇಳುತ್ತಿದ್ದುದು ಅಷ್ಟೇ. ಅಮ್ಮ ಒಲೆ ಬಿಟ್ಟು ಬೀದಿಗೆ ಬರುವಷ್ಟರಲ್ಲಿ ಎದುರುಮನೆಯ ಲಾಯರ್ ಅಂಕಲ್ ಕರಿಕೋಟಿಗೆ ತೋಳು ತೂರಿಸುತ್ತಾ ಸೈಕಲ್ ಹತ್ತಿರುತ್ತಿದ್ದರು.

ಗಂಡ ಗಣಿಯಲ್ಲಿ ಸತ್ತರೆ ಹೆಂಡತಿ ಗಣಿಯವರು ಕೊಟ್ಟ ಲೈನ್ ಮನೆ ಖಾಲಿ ಮಾಡಬೇಕಿತ್ತು. ನಮ್ಮ ಮನೆಗೆಲಸದ ಮುನಿಯಮ್ಮನಿಗೂ ಹಾಗಾದಾಗ ಅಂಕಲ್ ಹೋರಾಡಿ ಗೆದ್ದರು: ಅಪ್ಪನ ಕೆಲಸ ದೊಡ್ಡ ಮಗನಿಗೆ, ಮನೆ ತಾಯಿಗೆ. ಆಮೇಲೆ ಎಷ್ಟೋ ಮನೆಗಳು ಹಾಗೇ ಉಳಿದವು. ಆ ಮನೆಗಳವರೇ ಅವರನ್ನು ಅಸೆಂಬ್ಲಿಗೆ ಕಳಿಸಿದರು.

ಅಲ್ಲಿ ಮೊದಲ ದಿನವೇ ಸ್ಪೀಕರನ್ನು “ಮೈ ಲಾರ್ಡ್” ಎಂದುಬಿಟ್ಟರಂತೆ. “ಎತ್ತರದ ಕುರ್ಚಿ ಕಂಡ್ರೆ ನನ್ನ ಬಾಯಿಗೆ ಅದೇ ಬರುತ್ತಮ್ಮ” ಎಂದು ತಾವೇ ಹೇಳಿಕೊಂಡು ನಕ್ಕರು.

“ಸದ್ಯ, ಬೇಲ್ ಕೇಳಲಿಲ್ಲವಲ್ಲ!” ಎಂದಳು ಅಮ್ಮ.

ಒಂದು ಮಧ್ಯಾಹ್ನ ಲೋಟಗಳು ಮತ್ತೆ ಅಲುಗಿದವು. ಗಣಿಯಿಂದ ಮೇಲೆ ತಂದದ್ದು ಮುನಿಯಮ್ಮನ ದೊಡ್ಡ ಮಗನನ್ನು.

ತಿಥಿ ಕಳೆದ ಮೇಲೆ ಅವಳು ಚಿಕ್ಕ ಮಗನ ಜೊತೆ ಅಂಕಲ್ ಜಗಲಿಗೆ ಬಂದಳು. ಅವನಿಗೆ ಆಗಷ್ಟೇ ಮೀಸೆ ಮೂಡಿತ್ತು.

“ಈಗ ಇವ್ನ ಗಣಿಗೆ ಕಳ್ಸು, ಮನೆ ಇರ್ಲಿ ಅಂತಾವ್ರೆ ಆಫೀಸ್ನೋರು, ಸಾಮಿ. ನೀವು ಗೆದ್ದ ಕಾನೂನೇ ಅಂತೆ.”

“ನಾನು ಇಳೀತೀನಿ ಬಿಡವ್ವ” ಎಂದ ಹುಡುಗ.

“ಮುಚ್ಚಲಾ ಬಾಯಿ! ನಿನ್ನೂ ಕಳ್ಕೊಂಡು ಆ ಮನೇಲಿ ಯಾರ್ನ ಮಲಗಿಸ್ಲಿ?”

ಅಂಕಲ್ ತಲೆ ಎತ್ತಲಿಲ್ಲ. “ಕಳಿಸಬೇಡ. ನಾನು ಮಾತಾಡ್ತೀನಿ.”

ಆಫೀಸರ ಬಳಿ ಮಾತಾಡಿದರು, ಅಸೆಂಬ್ಲಿಯಲ್ಲಿ ಮಾತಾಡಿದರು: ಮಗನನ್ನು ಗಣಿಗೆ ಕೇಳದೆ ತಾಯಿಗೆ ಮನೆ ಉಳಿಸಿಕೊಡಿ ಎಂದು. “ವಿಲ್ ಬಿ ಕನ್ಸಿಡರ್ಡ್” ಎಂಬ ಉತ್ತರ ಬಂತು. ಮನೆ ಖಾಲಿ ಮಾಡಿ ಎಂಬ ನೋಟೀಸು ಅದಕ್ಕಿಂತ ಮೊದಲೇ ಬಂದಿತ್ತು. ಮುಂದಿನ ಎಲೆಕ್ಷನ್‌ಗೆ ನಿಲ್ಲುವುದಿಲ್ಲವೇ ಎಂದು ಅಪ್ಪ ಕೇಳಿದಾಗ, “ದೊಡ್ಡ ಹುಡುಗನ್ನ ಗಣಿಗೆ ಇಳಿಸಿದ ಆ ಕೇಸ್ ಗೆದ್ದಿದ್ದು ನಾನೇ ಅಲ್ವೇನಪ್ಪ” ಎಂದರು, ಅಷ್ಟೇ.

ಆ ವರ್ಷವೇ ಅಂಕಲ್ ತೀರಿಕೊಂಡರು. ನಾನು ಬೆಂಗಳೂರಿನ ಹಾಸ್ಟೆಲ್‌ನಲ್ಲಿದ್ದೆ, ಮುಖ ನೋಡಲಾಗಲಿಲ್ಲ. ನನಗೆ ಉಳಿದಿರುವುದು ನಾನು ಕಾಲೇಜಿಗೆ ಹೊರಟ ಬೆಳಿಗ್ಗೆಯ ಮಾರಿಕುಪ್ಪಂ ಸ್ಟೇಷನ್. ಅದೇ ರೈಲಿನಲ್ಲಿ ಮುನಿಯಮ್ಮ ಮನೆ ಖಾಲಿ ಮಾಡಿ, ಚಿಕ್ಕ ಮಗನ ಜೊತೆ ಬಂಗಾರಪೇಟೆಯ ಆಚೆ, ತಮ್ಮನ ಊರಿಗೆ ಹೊರಟಿದ್ದಳು. ಅವಳ ಒರಳುಗುಂಡನ್ನು ಅಂಕಲ್ ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಬಂದು ಸೀಟಿನ ಕೆಳಗೆ ಇಟ್ಟರು.

“ಇಳ್ಕಳ್ಳಿ ಸಾಮಿ, ರೈಲು ಬಿಡ್ತದೆ” ಎಂದಳು ಅವಳು.

ಇಳಿದರು. ನಾನು ಕೈ ಬೀಸಿದೆ. ಅವರು ನನ್ನನ್ನು ನೋಡಲೇ ಇಲ್ಲ. ಕಿಟಕಿಯಲ್ಲಿದ್ದ ಆ ಹುಡುಗನನ್ನೇ ನೋಡುತ್ತಾ, ಪ್ಲಾಟ್‌ಫಾರ್ಮ್ ಮುಗಿಯುವವರೆಗೂ ರೈಲಿನ ಜೊತೆಯಲ್ಲೇ ನಡೆದರು.