ನಡುಹೊಳೆಯ ಶಾಟ್

ಹಳಿಯಾಳದ ಆ ಹಾಲ್‌ನಲ್ಲಿ ಚಪ್ಪಾಳೆ ಬಿದ್ದಾಗ ನನಗೆ ಮೈಯೆಲ್ಲ ಉರಿಯಿತು. ಹೈಸ್ಕೂಲು ಮುಗಿಸಿದ ಗೆಳತಿಯರ ಬೇಸಿಗೆಯ ಕಥೆ, ಹದಿನೆಂಟು ನಿಮಿಷದ ಕಿರುಚಿತ್ರ. ಮಾಡಿದವನು ನನ್ನ ಕಾಲೇಜಿನ ಗೆಳೆಯ. ಗೆಳೆಯನಂತೆ, ಥೂ! ಪರದೆಯ ಮೇಲೆ ನಾನು ಬಂಡೆ ತಬ್ಬಿಕೊಂಡು ಚೀರುತ್ತಿದ್ದೆ, ಜನ ಸಿಳ್ಳೆ ಹೊಡೆಯುತ್ತಿದ್ದರು.

"ಏನ್ ಆ್ಯಕ್ಟಿಂಗ್ ಮಾಡೀಯವ್ವಾ, ಖರೇನ ಹೆದರಿದಂಗ ಐತಿ," ಎಂದಳು ಪಕ್ಕದ ಅಜ್ಜಿ. ಖರೇನೇ ಹೆದರಿದ್ದೆ ಅಜ್ಜಿ, ಸಾಯುತ್ತೇನೆ ಅಂತ ಹೆದರಿದ್ದೆ.

ಅದನ್ನು ತೆಗೆದದ್ದು ನಮ್ಮೂರು ಗಣೇಶಗುಡಿಯಲ್ಲಿ. ಅಣೆಕಟ್ಟಿನ ಕೆಳಗೆ ನಮ್ಮ ಹೊಳೆ ಏರುವುದು ಪವರ್‌ಹೌಸಿನವರು ನೀರು ಬಿಟ್ಟಾಗ. ಅಪ್ಪ ಆ ನೀರಿನಲ್ಲೇ ಪ್ರವಾಸಿಗರ ರಾಫ್ಟಿಂಗ್ ಬೋಟ್ ನಡೆಸುವವನು. "ಅಪ್ಪ ಮನೀ ಬಿಟ್ಟ ಮ್ಯಾಲನ ನೀರು ಬರೂದು. ಇನ್ನೂ ಚಾ ಕುಡ್ಯಾಕತ್ತಾನ, ನಡೀರಿ," ಎಂದು ನಾನೇ ದೊಡ್ಡಸ್ತಿಕೆ ಮಾಡಿ ನಡುಹೊಳೆಯ ಬಂಡೆ ಹತ್ತಿದೆ. ಈಜು ಬೇರೆ ಬರುವುದಿಲ್ಲ. ಪವರ್‌ಹೌಸಿನ ಮಷೀನು ನಮ್ಮಪ್ಪನ ಚಹಾ ಮುಗಿಯಲಿ ಎಂದು ಕಾಯುತ್ತದೆಯೇ? ಆ ತಪ್ಪು ನನ್ನದೇ, ಒಪ್ಪುತ್ತೇನೆ.

ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ನಾನು ಕಿರುಚಿದೆ. ಆ ಗೆಳೆಯ ದಡದಲ್ಲಿ ಕ್ಯಾಮೆರಾ ಹಿಡಿದು, "ಭಾರಿ ಬರಾಕತ್ತೈತಿ, ಹಂಗ ಇರು!" ಎಂದ. ನೀರು ಏರುವುದು ಅವನಿಗೆ ಕಾಣುತ್ತಿತ್ತು. ಚಿತ್ರದಲ್ಲೇ ಅಷ್ಟು ಚೆನ್ನಾಗಿ ಕಾಣುತ್ತದಲ್ಲ! ಮೈಕ್ ಹಿಡಿದು ನಿಂತಿದ್ದವಳು ಅತ್ತಿವೇರಿಯ ನನ್ನ ಗೆಳತಿ, ಬಾವಿಯಲ್ಲಿ ಈಜು ಕಲಿತವಳು. ಮೈಕ್ ಸಮೇತ ಹಾರಿ, ನನ್ನ ಜಡೆ ಹಿಡಿದು ದಡಕ್ಕೆ ಎಳೆದು ಹಾಕಿದಳು. ನಾನಿನ್ನೂ ನೀರು ಕಕ್ಕುತ್ತಿದ್ದೆ. ಅವನ ಮೊದಲ ಮಾತು: "ಮೈಕ್ ಹಾಳಾತಲ್ಲೇ!"

ಆ ಶಾಟನ್ನು ಚಿತ್ರದಿಂದ ತೆಗೆದುಬಿಡು ಎಂದು ಮೂರು ಸಲ ಕೇಳಿಕೊಂಡೆ. ಮೂರು ಸಲವೂ "ಹೂಂ, ತಗೀತೇನಿ" ಎಂದ. ತೆಗೆದದ್ದು ಅವಳನ್ನು. ಅವಳ ಕೈ ಕಾಣುವ ಮೊದಲೇ ದೃಶ್ಯ ಕತ್ತರಿಸಿದ್ದ. ಕೊನೆಯ ಟೈಟಲ್‌ನಲ್ಲಿ ಚಹಾ ಕೊಟ್ಟವರ ಹೆಸರೂ ಇತ್ತು, ಅವಳದಿರಲಿಲ್ಲ. ನನ್ನ ಇನ್ನೊಂದು ಪಕ್ಕದಲ್ಲಿ ಕುಳಿತು ಅವಳು ಕೊನೆಯ ಸಾಲಿನ ತನಕ ಹುಡುಕಿದಳು. ಆಮೇಲೆ, "ಇರ್ಲಿ ಬಿಡ," ಎಂದಳು. ಯಾಕೆ ಇರಬೇಕು?

ಅವನು ನನ್ನನ್ನು ವೇದಿಕೆಗೆ ಕರೆದು ಕೈಗೆ ಮೈಕ್ ಕೊಟ್ಟ. "ಆ ಸೀನ್ ಹೆಂಗ ಮಾಡಿದಿ, ಎಲ್ಲಾರಿಗೂ ಹೇಳು."

ಹೇಳಿದೆ. "ಅದು ಆ್ಯಕ್ಟಿಂಗ್ ಅಲ್ಲರೀ. ನಾ ಮುಳುಗಾಕತ್ತಿದ್ದೆ, ಇಂವ ಶೂಟಿಂಗ್ ಮಾಡ್ಕೋತ ನಿಂತಿದ್ದ. ನನ್ನ ಉಳಿಸಿದಾಕಿ ಅಲ್ಲಿ ಮೂರನೇ ಸಾಲಿನ್ಯಾಗ ಕುಂತಾಳ. ಅಕಿ ಹೆಸರ ಹಾಕಿಲ್ಲ ಇಂವ."

ಅವನು ಜನರತ್ತ ಹಲ್ಲು ಕಿರಿಯುತ್ತಲೇ ನನ್ನ ಕಡೆಗೆ ಕೈ ಚಾಚಿ, "ಮೈಕ್ ಕೊಡು ಲೇ," ಎಂದು ಹಲ್ಲುಸಂದಿಯಲ್ಲಿ ಹೇಳಿದ.

ಕೊಡಲಿಲ್ಲ. ಅವಳ ಪೂರ್ತಿ ಹೆಸರನ್ನು, ಅಪ್ಪನ ಹೆಸರು, ಊರು ಎಲ್ಲ ಸೇರಿಸಿ, ಅದೇ ಮೈಕಿನಲ್ಲಿ ಎರಡು ಸಲ ಕೂಗಿದೆ.